ಡ್ರ್ಯಾಗನ್‌ಗೆ ಕನ್ನಡದಲ್ಲಿ ಎಂಥ ಹೇಳದು? ಅಜ್ಜ ಮೊಮ್ಮಗಳ ಜಗಳ ಬಿಡಿಸಿಕೊಡಿ

ಸೋಗೆಮನೆ · ಜುಲೈ 14, 2025, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರ. ಮೂರು ದಿನದಿಂದ ಹನಿ ಕಡಿಯದ ಮಳೆ, ಕರೆಂಟಿಲ್ಲ, ಇನ್ವರ್ಟರ್ ಕೂಗ್ತಾ ಇದೆ. ಅದು ಸಾಯೋದರೊಳಗೆ ಇದನ್ನ ಹಾಕಿಬಿಡ್ತೀನಿ.

ಕಳೆದ ತಿಂಗಳು ಬೆಂಗಳೂರಲ್ಲಿ ತಂಗಿ ಮನೆಗೆ ಹೋದಾಗ ಮಗಳಿಗೆ 'ಹೌ ಟು ಟ್ರೇನ್ ಯುವರ್ ಡ್ರ್ಯಾಗನ್' ತೋರಿಸಿದೆ. ಹೊಸದು, ಮನುಷ್ಯರೇ ನಟಿಸಿರೋದು. ಎಂಟು ವರ್ಷದವಳು. ಅವತ್ತಿಂದ ಮನೇಲಿ ಬೇರೆ ಮಾತೇ ಇಲ್ಲ. ಬೆಕ್ಕಿಗೆ ಆ ಸಿನಿಮಾದ ಡ್ರ್ಯಾಗನ್ ಹೆಸರು, ಟೂತ್‌ಲೆಸ್ (ಹಲ್ಲಿಲ್ಲದ್ದು) ಅಂತ ನಾಮಕರಣ ಆಗಿದೆ, ಬಾಯ್ತುಂಬ ಹಲ್ಲಿದ್ದರೂ.

ಇವತ್ತು ಸಂಜೆ ಅಪ್ಪಯ್ಯ ಜಗಲಿಯಲ್ಲಿ ಹಾಳೆಟೊಪ್ಪಿ ಹೊಲೀತಾ ಕೂತಿದ್ದರು. ಇವಳು ಹೋಗಿ, "ಅಜ್ಜ, ಡ್ರ್ಯಾಗನ್‌ಗೆ ಕನ್ನಡದಲ್ಲಿ ಎಂಥ ಹೇಳದು?" ಅಂದಳು. ಅಪ್ಪಯ್ಯನಿಗೆ ಚಿತ್ರ ತೋರಿಸಿದಳು. ಅವರು ಕನ್ನಡಕ ಮೇಲೆ ಮಾಡಿ ನೋಡಿ, "ನಿಧಿ ಕಾಯೋ ಸರ್ಪ ಅನ್ನು" ಅಂದರು.

"ಸರ್ಪಕ್ಕೆ ರೆಕ್ಕೆ ಎಲ್ಲಿದೆ?"

"ಹುತ್ತದೊಳಗೆ ಇರೋದಕ್ಕೆ ರೆಕ್ಕೆ ಯಾಕೆ?"

"ಅದರ ಮೇಲೆ ಕೂತ್ಕೊಂಡು ಹೋಗ್ಬಹುದಾ?"

ಅಲ್ಲಿಗೆ ಅಪ್ಪಯ್ಯನ ಸೂಜಿ ನಿಂತಿತು. "ಸರ್ಪದ ಮೇಲೆ ಕೂರದಾ? ಬಿಡ್ತು ಅನ್ನು!" ಇವಳು ಅನ್ನಲಿಲ್ಲ. ಊಟದ ಹೊತ್ತಿಗೂ ಇಬ್ಬರೂ ಮಾತಾಡಿಲ್ಲ.

ಒಂದು, ಸರಿಯಾದ ಪದ ಇದ್ದರೆ ಹೇಳಿ. ಎರಡು, ಅಷ್ಟು ದೊಡ್ಡ ಪುರಾಣ ಇಟ್ಟುಕೊಂಡು ನಮ್ಮಲ್ಲಿ ಡ್ರ್ಯಾಗನ್ ಯಾಕೆ ಇಲ್ಲ?

ಬಿಎಚ್‌ರೋಡ್‌_ಹುಡುಗ · ರಾತ್ರಿ 9.52

ಮೊದಲು ಡ್ರ್ಯಾಗನ್ ಚಿಕನ್‌ಗೆ ಕನ್ನಡ ಹುಡುಕಿ ಅಣ್ಣ. ಹೋದ ವರ್ಷ ಸರ್ಕಾರ ಗೋಬಿ, ಕಬಾಬಿಗೆ ಕೃತಕ ಬಣ್ಣ ಹಾಕಬಾರದು ಅಂದ ಮೇಲೆ ಶಿವಮೊಗ್ಗದ ಡ್ರ್ಯಾಗನ್ ಬಿಳಿಚಿಕೊಂಡಿದೆ.

ಮೆಣಸಿನಬಳ್ಳಿ · ರಾತ್ರಿ 10.05

ಗುಜರಾತಲ್ಲಿ 2021ರಲ್ಲಿ ಡ್ರ್ಯಾಗನ್ ಹಣ್ಣಿಗೆ ಕಮಲಂ ಅಂತ ಹೆಸರಿಟ್ಟರಲ್ಲ. ಆ ಲೆಕ್ಕದಲ್ಲಿ ನಿಮ್ಮ ಮಗಳು ನೋಡಿದ್ದು 'ಕಮಲವನ್ನು ಪಳಗಿಸುವುದು ಹೇಗೆ'.

ಕೊಪ್ಪದ_ಕಾಫಿ · ರಾತ್ರಿ 10.31

ತಮಾಷೆ ಇರಲಿ, ಪದ ಇದೆ. ಘಟಸರ್ಪ. ನಾವು ಚರ್ಚಿನಲ್ಲಿ ಚಿಕ್ಕಂದಿನಿಂದ ಕೇಳಿದ್ದು. ಕನ್ನಡ ಬೈಬಲಿನ ಪ್ರಕಟನೆ ಪುಸ್ತಕದ 12ನೇ ಅಧ್ಯಾಯದಲ್ಲಿ ಏಳು ತಲೆ, ಹತ್ತು ಕೊಂಬಿನ ಕೆಂಪು ಘಟಸರ್ಪ ಬರುತ್ತೆ. ಇಂಗ್ಲಿಷ್ ಬೈಬಲಿನಲ್ಲಿ ಅಲ್ಲಿರೋದು ಡ್ರ್ಯಾಗನ್ನೇ. ಭಾನುವಾರದ ತರಗತಿಯಲ್ಲಿ ಅದರ ಚಿತ್ರ ಬಿಡಿಸಿ ಅಂದಾಗ ನಾನು ಏಳು ಹೆಡೆಯ ನಾಗರಹಾವು ಬಿಡಿಸಿದ್ದೆ, ಸುಬ್ರಹ್ಮಣ್ಯದ ಕ್ಯಾಲೆಂಡರ್ ನೋಡಿಕೊಂಡು. ಸಿಸ್ಟರ್ ಏನೂ ಅನ್ನಲಿಲ್ಲ, ಕೊಂಬು ಹಾಕು ಅಂದರು ಅಷ್ಟೇ.

ಓಲೆಗರಿ · ರಾತ್ರಿ 10.58

ಘಟಸರ್ಪ ಒಳ್ಳೆಯ ಪದ. ಆದರೆ ಅದು ಬೈಬಲಿಗಿಂತ ಮೊದಲೇ ಕನ್ನಡದಲ್ಲಿತ್ತು, ಅರ್ಥ ಬೇರೆ. ಘಟ ಅಂದರೆ ಗಡಿಗೆ. ಗಡಿಗೆಯೊಳಗೆ ಹಾವು ಬಿಟ್ಟು, ಆಪಾದನೆ ಹೊತ್ತವನು ಅದರೊಳಗೆ ಕೈಹಾಕಿ ತಾನು ನಿರಪರಾಧಿ ಅಂತ ತೋರಿಸಬೇಕಿತ್ತು. ದಿವ್ಯ ಅಂತಿದ್ದರು ಇಂಥ ಪರೀಕ್ಷೆಗಳಿಗೆ. ಭಕ್ತಿ ಗರಗಸದ ಹಾಗೆ ಹೋಗುತ್ತಲೂ ಕೊಯ್ಯುತ್ತೆ ಬರುತ್ತಲೂ ಕೊಯ್ಯುತ್ತೆ ಅನ್ನೋ ಬಸವಣ್ಣನ ವಚನದ ಕೊನೆಗೆ ಬರೋದು ಇದೇ ಘಟಸರ್ಪ. ಅನುವಾದ ಮಾಡಿದವರು ಭಯ ಹುಟ್ಟಿಸೋ ಪದ ಹುಡುಕಿ ಇದನ್ನ ಎತ್ತಿಕೊಂಡಿರಬೇಕು. ರೆಕ್ಕೆ ಇರಲಿಲ್ಲ, ಭಯ ಇತ್ತು.

ಸೋಗೆಮನೆ · ಜುಲೈ 15, ಬೆಳಿಗ್ಗೆ 7.15

ಓದಿ ಹೇಳಿದೆ. ಮಗಳ ತೀರ್ಪು: "ಗಡಿಗೆಯೊಳಗೆ ಹಿಡಿಸೋದು ಡ್ರ್ಯಾಗನ್ ಅಲ್ಲ." ಅಪ್ಪಯ್ಯನಿಗೆ ಮಾತ್ರ ಬಹಳ ಖುಷಿ, "ನಾ ಹೇಳಿದ್ದೂ ಸರ್ಪ ಅಂತಲೇ" ಅಂತ.

ಕಬ್ಬಿಣದ_ಕುರ್ಚಿ · ಬೆಳಿಗ್ಗೆ 11.20

ಅಜ್ಜ ಹೇಳಿದ್ದರಲ್ಲಿ ತಪ್ಪಿಲ್ಲ ಮಾರಾಯ್ರೆ. ಈಗಿನ ಎಲ್ಲ ಡ್ರ್ಯಾಗನ್‌ಗಳ ಹಿರಿಯಣ್ಣ ಅಂದರೆ ಟೋಲ್ಕಿನ್ 1937ರಲ್ಲಿ 'ಹಾಬಿಟ್'ನಲ್ಲಿ ತಂದ ಸ್ಮಾಗ್. ಅವನ ಕೆಲಸ ಏನು? ಬೆಟ್ಟದೊಳಗೆ ಚಿನ್ನದ ರಾಶಿ ಮೇಲೆ ಮಲಗೋದು. ಒಂದೇ ಒಂದು ಬಟ್ಟಲು ಕದ್ದಿದ್ದಕ್ಕೆ ಎದ್ದು ಊರೇ ಸುಡೋಕೆ ಹೊರಡ್ತಾನೆ. ಅವನಿಗೂ ಹಿಂದೆ ನಾರ್ಸ್ ಕಥೆಯ ಫಾಫ್ನಿರ್ ಇದ್ದಾನೆ. ಅವನು ಹುಟ್ಟಾ ಡ್ರ್ಯಾಗನ್ ಅಲ್ಲ, ಬಂಗಾರದ ಆಸೆಗೆ ಅಪ್ಪನನ್ನೇ ಕೊಂದು ಆಮೇಲೆ ಹಾಗಾದವನು. ನಮ್ಮ ಕಡೆ ಏನಂತಾರೆ? ಜಿಪುಣ ಸತ್ತು ಹಾವಾಗಿ ನಿಧಿ ಕಾಯ್ತಾನೆ ಅಂತ. ಕವಲೇದುರ್ಗದ ಕಡೆ ಯಾವ ಮುದುಕರನ್ನ ಕೇಳಿದ್ರೂ ಇಂಥ ಒಂದು ಕಥೆ ಸಿಗುತ್ತೆ. ಸ್ಮಾಗ್ ನಮ್ಮೂರಿಗೆ ಬಂದರೆ ಅವನಿಗೊಂದು ತನಿ, ಅಂದರೆ ನಾಗನಿಗೆ ಎರೆಯೋ ಹಾಲು, ಎರೆಯೋರು ಸಿಗ್ತಾರೆ, ಬಾಣ ಹೊಡೆಯೋರು ಸಿಗಲ್ಲ.

ಬದಲಾಗಿದ್ದು ಆಮೇಲೆ. 1974ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಅಂತ ಆಟ ಬಂತು. ಅದರಲ್ಲಿ ಬಣ್ಣಕ್ಕೊಂದು ಗುಣ. ಕೆಂಪು, ಕಪ್ಪು, ಹಸಿರು ಕೆಟ್ಟವು, ಚಿನ್ನ ಬೆಳ್ಳಿಯವು ಒಳ್ಳೆಯವು. ಅಲ್ಲಿಗೆ ಡ್ರ್ಯಾಗನ್‌ಗೂ ಜಾತಿ ಪಂಗಡ ಆಯ್ತು ನೋಡಿ. 'ಗೇಮ್ ಆಫ್ ಥ್ರೋನ್ಸ್' ಹೊತ್ತಿಗೆ ಅದು ಕುದುರೆ ಮತ್ತು ಬಾಂಬ್ ಎರಡೂ ಸೇರಿದ್ದು. ಎಂಟು ಸೀಸನ್ ಕೂತು ನೋಡಿದವನು ನಾನು. 2019ರ ಮೇ ತಿಂಗಳಲ್ಲಿ ಅದರ ಡ್ರ್ಯಾಗನ್ ಡ್ರೋಗಾನ್ ಇಡೀ ಪಟ್ಟಣ ಸುಟ್ಟಿದ್ದು, ಮುಂದಿನ ವಾರ ಸಿಂಹಾಸನ ಕರಗಿಸಿದ್ದು ನೋಡಿ, ಇಷ್ಟು ವರ್ಷ ಕೂತಿದ್ದು ಇದಕ್ಕಾ ಅನ್ನಿಸಿ ಪರದೆಗೆ ಚಪ್ಪಲಿ ಎಸೆಯೋದೊಂದು ಬಾಕಿ. ಆದರೂ ಹೇಳ್ತೀನಿ, ಆ ಕೊನೇ ಕಂತಿನಲ್ಲಿ ಬುದ್ಧಿ ಇದ್ದ ಪಾತ್ರ ಅದೊಂದೇ.

ಆಮೇಲೆ ಟೂತ್‌ಲೆಸ್. ಅದರ ರೂಪಕ್ಕೆ ಕಪ್ಪು ಚಿರತೆಯನ್ನ ನೋಡಿಕೊಂಡಿದ್ದಾರೆ, ನಡವಳಿಕೆ ಅರ್ಧ ಬೆಕ್ಕು ಅರ್ಧ ನಾಯಿ. ನಿಮ್ಮ ಮಗಳು ಬೆಕ್ಕಿಗೆ ಆ ಹೆಸರಿಟ್ಟಿದ್ದು ಸರಿಯಾಗೇ ಇದೆ.

ಬಿಎಚ್‌ರೋಡ್‌_ಹುಡುಗ · ಬೆಳಿಗ್ಗೆ 11.41

ಗೇಮ್ ಆಫ್ ಥ್ರೋನ್ಸ್‌ನಲ್ಲಿರೋದು ಡ್ರ್ಯಾಗನ್ನೇ ಅಲ್ಲ, ವೈವರ್ನ್. ಎರಡೇ ಕಾಲು. ಡ್ರ್ಯಾಗನ್ ಅಂದ್ರೆ ನಾಲ್ಕು ಕಾಲು, ಮೇಲೆ ಎರಡು ರೆಕ್ಕೆ. ವೇಲ್ಸ್ ದೇಶದ ಬಾವುಟ ನೋಡಿ.

ಕಬ್ಬಿಣದ_ಕುರ್ಚಿ · ಬೆಳಿಗ್ಗೆ 11.55

ಶುರುವಾಯ್ತು. ಬ್ರಿಟಿಷರ ಲಾಂಛನದ ಲೆಕ್ಕ ಅದು, ಪ್ರಾಣಿಗಲ್ಲ. ಹಾಬಿಟ್ ಪುಸ್ತಕಕ್ಕೆ ಟೋಲ್ಕಿನ್ನೇ ಬಿಡಿಸಿದ ಸ್ಮಾಗ್‌ಗೆ ನಾಲ್ಕು ಕಾಲು, ಸಿನಿಮಾದಲ್ಲಿ ಎರಡು. ಸ್ಕೈರಿಮ್ ಆಟದಲ್ಲೂ ಎರಡು. ಗೇಮ್ ಆಫ್ ಥ್ರೋನ್ಸ್ ಕಥೆ ಬರೆದ ಮಾರ್ಟಿನ್ ವಾದ ಸರಳ: ಹಕ್ಕಿ, ಬಾವಲಿ ಯಾವುದನ್ನಾದರೂ ತಗೊಳ್ಳಿ, ರೆಕ್ಕೆ ಇದ್ದರೆ ಕಾಲು ಎರಡೇ. ನಾಲ್ಕು ಕಾಲು ಪ್ಲಸ್ ರೆಕ್ಕೆ ಪ್ರಕೃತಿಯಲ್ಲಿ ಇಲ್ಲ.

ಕಪ್ಪೆಗೂಡು_ಮೇಷ್ಟ್ರು · ಸಂಜೆ 5.30

ಈಗ ಶಾಲೆ ಬಿಟ್ಟು ಬಂದೆ. ಜೀವಶಾಸ್ತ್ರ ಹೇಳಿಕೊಡೋನು ನಾನು, ಒಂದು ಮಾತು.

ಕಬ್ಬಿಣದ ಕುರ್ಚಿಯವರ ವಾದ ಮುಕ್ಕಾಲು ಸರಿ. ಬೆನ್ನುಮೂಳೆ ಇರೋ ಪ್ರಾಣಿಗಳಿಗೆ ಸಿಕ್ಕಿರೋದು ನಾಲ್ಕೇ ಅವಯವ. ಹಕ್ಕಿ, ಬಾವಲಿ, ಹಿಂದೆ ಇದ್ದ ಟೆರೊಸಾರ್, ಮೂರೂ ಮುಂಗಾಲು ಕೊಟ್ಟು ರೆಕ್ಕೆ ತಗೊಂಡವು. ಪುಕ್ಕಟೆ ಯಾರಿಗೂ ಸಿಗಲಿಲ್ಲ.

ಉಳಿದ ಕಾಲು ಭಾಗ ಸೋಗೆಮನೆಯವರ ತೋಟದಲ್ಲೇ ಇದೆ. ಹಾರುವ ಓತಿ. ಬಾಲ ಸೇರಿ ಗೇಣುದ್ದ, ಅಡಿಕೆ ಮರದ ಮೇಲೇ ಸಂಸಾರ. ನಾಲ್ಕು ಕಾಲೂ ನೆಟ್ಟಗಿವೆ, ಮೇಲಿಂದ ರೆಕ್ಕೆಯೂ ಇದೆ! ಹೇಗೆ ಅಂದರೆ ಅದು ಕಾಲು ಕೊಡಲಿಲ್ಲ, ಪಕ್ಕೆಲುಬು ಕೊಟ್ಟಿತು. ಎರಡೂ ಪಕ್ಕದ ಐದಾರು ಪಕ್ಕೆಲುಬು ಉದ್ದಕ್ಕೆ ಬೆಳೆದು ಚರ್ಮದಾಚೆ ಚಾಚಿಕೊಂಡಿವೆ, ನಡುವೆ ತೆಳ್ಳನೆ ಪೊರೆ. ಕೊಡೆಯ ಕಡ್ಡಿ, ಬಟ್ಟೆ ಇದ್ದ ಹಾಗೆ. ಬೇಕಾದಾಗ ಬಿಚ್ಚುತ್ತೆ, ಬೇಡದಾಗ ಮಡಚಿ ಮೈಗೆ ಅಂಟಿಸಿಕೊಳ್ಳುತ್ತೆ. ಹಕ್ಕಿ ಥರ ಬಡಿಯೋಕೆ ಬರಲ್ಲ, ಮೇಲಿನ ಮರದಿಂದ ಕೆಳಗಿನ ಮರಕ್ಕೆ ತೇಲೋದು. ಗಂಡಿಗೆ ಗಂಟಲಡಿ ಹಳದಿ ಚೀಲವೊಂದಿದೆ, ಅದನ್ನ ಪಟಪಟ ಬಿಚ್ಚಿ ಮುಚ್ಚಿ ಇದು ನನ್ನ ಮರ ಅಂತ ಸಾರುತ್ತೆ. ಊಟ ಇರುವೆ. ಹೆಣ್ಣು ಮೊಟ್ಟೆ ಇಡೋಕೆ ಮಾತ್ರ ನೆಲಕ್ಕೆ ಇಳಿಯೋದು.

ಅದರ ವೈಜ್ಞಾನಿಕ ಹೆಸರು ಗೊತ್ತಾ? ಡ್ರಾಕೊ ಡುಸುಮೆರಿ. ಡ್ರಾಕೊ ಅಂದರೆ ಲ್ಯಾಟಿನ್‌ನಲ್ಲಿ ಡ್ರ್ಯಾಗನ್. ಆ ಕುಲಕ್ಕೆ 1758ರಲ್ಲಿ ಲಿನೇಯಸ್ ಇಟ್ಟ ಹೆಸರು. ನಮ್ಮ ಘಟ್ಟದ್ದಕ್ಕೆ 1837ರಲ್ಲಿ ಹೆಸರು ಬಿತ್ತು. ಸರಿಯಾಗಿ ನೂರು ವರ್ಷ ಬಿಟ್ಟು ಸ್ಮಾಗ್ ಬಂದ. ಹಾಗಾಗಿ ಯಾರು ಮೊದಲು ಅಂತ ಜಗಳ ಬೇಡ.

ಮೆಣಸಿನಬಳ್ಳಿ · ಸಂಜೆ 5.48

ಇಷ್ಟು ಹೊತ್ತಾದರೂ ಯಾರೂ 'ಕರ್ವಾಲೊ' ಹೆಸರೆತ್ತಲಿಲ್ಲವಲ್ಲ ಅಂತ ಕಾಯ್ತಿದ್ದೆ. ಹಾರುವ ಓತಿ ಅಂದ ಮೇಲಾದರೂ ಹೇಳಬೇಕಪ್ಪ. 1980ರಲ್ಲೇ ತೇಜಸ್ವಿ ಇಡೀ ಕಾಡು ಅಲೆಸಿದ್ದಾರೆ ನಮ್ಮನ್ನ ಅದರ ಹಿಂದೆ. ಹಿಡಿಯೋಕೆ ಹೋದವರ ಕಣ್ಣೆದುರೇ ಅದು ಕಣಿವೆಗೆ ತೇಲಿಕೊಂಡು ಹೋಗಿಬಿಡುತ್ತೆ. ನಮ್ಮಲ್ಲಿ ಡ್ರ್ಯಾಗನ್ ಕಥೆ ಇಲ್ಲ ಅನ್ನೋರಿಗೆ ಇದಕ್ಕಿಂತ ಏನು ಬೇಕು?

ಕಬ್ಬಿಣದ_ಕುರ್ಚಿ · ಸಂಜೆ 6.02

ಮೇಷ್ಟ್ರೇ, ಸೋತೆ. ಆದರೆ ಗೇಣುದ್ದದ್ದರ ಮೇಲೆ ಗೇಮ್ ಆಫ್ ಥ್ರೋನ್ಸ್‌ನ ರಾಣಿ ಡೆನೇರಿಸ್ ಕೂರೋದು ಹೇಗೆ?

ಶಿಲ್ಪಶಾಲೆ · ಜುಲೈ 16, ಮಧ್ಯಾಹ್ನ 1.10

ಕಾಡಲ್ಲೇ ಯಾಕೆ ಹುಡುಕ್ತೀರಿ, ದೇವಸ್ಥಾನಕ್ಕೆ ಹೋಗಿ. ಶೃಂಗೇರಿ ವಿದ್ಯಾಶಂಕರ ದೇವಾಲಯದ ಕಂಬಗಳಲ್ಲಿ ಯಾಳಿಗಳಿವೆ, ಬಾಯೊಳಗೆ ಕಲ್ಲಿನ ಗುಂಡು. ಬೆರಳು ಹಾಕಿದರೆ ತಿರುಗುತ್ತೆ, ಹೊರಗೆ ಬರಲ್ಲ. ಚಿಕ್ಕವನಿದ್ದಾಗ ಅದನ್ನ ತೆಗೆದೇ ತೀರುತ್ತೀನಿ ಅಂತ ನಿಂತು ಅಪ್ಪನ ಕೈಲಿ ಹೊಡೆತ ತಿಂದಿದ್ದೇನೆ. ಬಳ್ಳಿಗಾವಿಯಲ್ಲಿ 1047ರ ಗಂಡಭೇರುಂಡ ಸ್ತಂಭ ಇದೆ. ಎರಡು ತಲೆ, ರೆಕ್ಕೆ, ಆನೆಯನ್ನೂ ಎತ್ತುತ್ತೆ ಅನ್ನೋ ಖ್ಯಾತಿ. ನಮ್ಮ ರಾಜ್ಯದ ಲಾಂಛನವೇ ಅದು. ಇನ್ನೆಂಥ ಡ್ರ್ಯಾಗನ್ ಬೇಕು?

ಓಲೆಗರಿ · ಮಧ್ಯಾಹ್ನ 1.44

ಒಪ್ಪೋಕಾಗಲ್ಲ. ಯಾಳಿ ಸಿಂಹ ಆನೆ ಸೇರಿದ್ದು, ಭೇರುಂಡ ಹಕ್ಕಿ. ವಿಚಿತ್ರ ಪ್ರಾಣಿ ಅಂದ ಮಾತ್ರಕ್ಕೆ ಎಲ್ಲ ಡ್ರ್ಯಾಗನ್ ಆಗಲ್ಲ. ಅಲ್ಲದೆ ಅವಕ್ಕೆ ಕಥೆ ಕಡಿಮೆ, ಕೆಲಸ ಜಾಸ್ತಿ. ಕಂಬ ಹೊರೋದು, ಬಾಗಿಲು ಕಾಯೋದು. ಊರಿಗೆ ಊರೇ ಹೆದರಿ, ಒಬ್ಬ ವೀರ ಕತ್ತಿ ಹಿಡಿದು ಹೋಗೋ ಕಥೆ ಯಾಳಿಗಿದೆಯಾ?

ಸಂತ ಜಾರ್ಜ್ ಕಥೆಯ ಹಾಗೆ ಡ್ರ್ಯಾಗನ್ ಕೊಂದು ಬರೋದು ಯುರೋಪಿನವರ ಹಳೇ ಪದ್ಧತಿ. ನಮ್ಮ ಕಾಳಿಂಗ ಮರ್ದನ ನೋಡಿ. ಹೆಸರು ಮರ್ದನ, ಆದರೆ ಕೃಷ್ಣ ಕೊಲ್ಲಲಿಲ್ಲ. ಹೆಡೆ ಮೇಲೆ ಕುಣಿದ, ಹೆಂಡಂದಿರು ಬಂದು ಬೇಡಿಕೊಂಡರು, ಮಡು ಬಿಟ್ಟು ರಮಣಕ ದ್ವೀಪಕ್ಕೆ ಹೋಗು ಅಂದ. ತಲೆ ಮೇಲೆ ನನ್ನ ಹೆಜ್ಜೆ ಗುರುತಿದೆ, ಗರುಡ ಮುಟ್ಟಲ್ಲ ಅಂತ ಅಭಯವನ್ನೂ ಕೊಟ್ಟ. ಊರು ಬಿಡಿಸಿದ, ಅಷ್ಟೇ.

ಕಬ್ಬಿಣದ_ಕುರ್ಚಿ · ಮಧ್ಯಾಹ್ನ 2.03

ವೃತ್ರ? ಇಂದ್ರ ವಜ್ರಾಯುಧದಲ್ಲಿ ಹೊಡೆದು ಕೊಂದು ನೀರು ಬಿಡಿಸಿದ್ದು ಋಗ್ವೇದದಲ್ಲೇ ಇದೆಯಲ್ಲ. ಅಲ್ಲಿ ಅವನನ್ನ ಅಹಿ ಅಂತಲೇ ಕರೆಯೋದು, ಹಾವು. ನಾವೇನು ಕೈಗೆ ರಕ್ತ ಅಂಟದ ಜನ ಅಂದ್ಕೊಳ್ಳೋದು ಬೇಡ.

ಓಲೆಗರಿ · ಮಧ್ಯಾಹ್ನ 2.20

ಸರಿ, ವೃತ್ರ ನಿಮ್ಮ ಕಡೆ. ಜನಮೇಜಯನ ಸರ್ಪಯಾಗ ನನ್ನ ಕಡೆ, ಆಸ್ತೀಕ ಬಂದು ನಿಲ್ಲಿಸಿದನಲ್ಲ.

ಆಗುಂಬೆ_ಜಿಗಣೆ · ರಾತ್ರಿ 8.15

ಪುರಾಣ ನನಗೆ ಅಷ್ಟು ಬರಲ್ಲ. ಹಾವು ಹಿಡಿಯೋ ತಂಡದ ಜೊತೆ ಓಡಾಡೋನು ನಾನು. ಹೋದ ಏಪ್ರಿಲ್‌ನಲ್ಲಿ ಆಗಿದ್ದು ಹೇಳ್ತೀನಿ.

ಒಂದು ಮನೆಯಿಂದ ಫೋನ್, ಬಚ್ಚಲಿಗೆ ಕಾಳಿಂಗ ಬಂದಿದೆ ಅಂತ. ಹೋದರೆ ಹನ್ನೆರಡು ಅಡಿ ಮೇಲಿತ್ತು. ಕೇರೆ ಹಾವನ್ನ ಅಟ್ಟಿಸಿಕೊಂಡು ಬಂದಿದ್ದು, ಕೇರೆ ಹಂಡೆ ಒಲೆಯ ಸೌದೆ ಸಂದಿಗೆ ನುಗ್ಗಿದೆ. ಇದು ಬಾಗಿಲಲ್ಲಿ ಎದೆಮಟ್ಟ ಎದ್ದು ನಿಂತಿದೆ. ಬುಸುಗುಡೋದಲ್ಲ ಅದು, ನಾಯಿ ಗುರ್ ಅಂದ ಹಾಗೆ ಕೇಳುತ್ತೆ. ಮನೆ ಗಂಡಸರೆಲ್ಲ ಅಂಗಳದಲ್ಲಿ. ಎಂಬತ್ತು ದಾಟಿದ ಅಮ್ಮಮ್ಮ ಒಬ್ಬರು ಮಾತ್ರ ಅಡುಗೆಮನೆ ಹೊಸ್ತಿಲಲ್ಲಿ ನಿಂತು ಕೈಮುಗಿದು, "ಊಟದ ಹೊತ್ತಿಗೆ ಬಂದಿದೀಯ, ತಪ್ಪಿಲ್ಲ, ನಿನ್ನ ದಾರಿ ಹಿಡಿ ಮಾರಾಯ" ಅಂತಿದ್ದರು. ಹಿಡಿದು ಹತ್ತಿರದ ಕಾಡಿಗೇ ಬಿಟ್ಟೆವು. ದೂರ ಒಯ್ದು ಬಿಟ್ಟರೆ ಅದಕ್ಕೆ ದಿಕ್ಕು ತಪ್ಪುತ್ತೆ. ಯಾರೂ ಕೋಲು ಎತ್ತಲಿಲ್ಲ. ಆದರೆ ಯಾರೂ ಮುದ್ದು ಮಾಡೋಕೂ ಬರಲಿಲ್ಲ. ಈಗೀಗ ಮೊಬೈಲ್ ಹಿಡಿದು ಹತ್ತಿರ ಬರೋ ಹುಡುಗರಿದ್ದಾರಲ್ಲ, ಅವರನ್ನ ಕಂಡರೆ ನನಗೆ ಹಾವಿಗಿಂತ ಹೆಚ್ಚು ಭಯ.

2024ರಲ್ಲಿ ನಮ್ಮ ಘಟ್ಟದ ಕಾಳಿಂಗ ಬೇರೆಯೇ ಪ್ರಭೇದ ಅಂತ ಗೊತ್ತಾಗಿ ಅದಕ್ಕೆ ಒಫಿಯೊಫೇಗಸ್ ಕಾಳಿಂಗ ಅಂತ ಹೆಸರಿಟ್ಟರು. ಕನ್ನಡದ ಪದವೇ ಲ್ಯಾಟಿನ್ ಪಕ್ಕ ಹೋಗಿ ಕೂತಿದೆ.

ಸೋಗೆಮನೆ · ರಾತ್ರಿ 9.05

ಜಿಗಣೆಯವರೇ, ನನಗೆ ಎರಡು ದಿನದಿಂದ ತಲೇಲಿ ಕೊರೀತಿದ್ದಿದ್ದು ಇದೇ. ಮೊದಲು ಆ ಕಡೆ ಕಥೆಗಳಲ್ಲಿ ಡ್ರ್ಯಾಗನ್ ಕೊಲ್ತಿದ್ದರು. ಈಗ ಮನಸ್ಸು ಕರಗಿ ಸಾಕ್ತಾರೆ, ಜೀನು ಹಾಕಿ ಹತ್ತುತ್ತಾರೆ. ಸಿನಿಮಾ ಚೆನ್ನಾಗೇ ಇತ್ತು, ಆ ಹುಡುಗ ಬಾಲದ ತುಂಡಾದ ರೆಕ್ಕೆಗೆ ಬದಲಿ ಮಾಡಿಕೊಡೋ ಜಾಗದಲ್ಲಿ ನನಗೂ ಕಣ್ಣು ಒದ್ದೆ ಆಯ್ತು. ಆದರೆ ಕೊಂದರೂ ಹತ್ತಿದರೂ ಅದು ನಮ್ಮ ಕೆಳಗೇ ಬಂತಲ್ಲ? ಅಪ್ಪಯ್ಯ "ಬಿಡ್ತು ಅನ್ನು" ಅಂದಿದ್ದು ಭಯಕ್ಕೆ ಅಂತ ನಾನು ತಿಳಿದಿದ್ದೆ. ಭಯ ಒಂದೇ ಅಲ್ಲ ಅನ್ಸುತ್ತೆ ಈಗ. ಅದರ ಪಾಡಿಗೆ ಅದು, ನಮ್ಮ ಪಾಡಿಗೆ ನಾವು, ದಾರಿಯಲ್ಲಿ ಸಿಕ್ಕರೆ ನಿಂತು ಬಿಟ್ಟುಕೊಡೋದು.

ಬಿಎಚ್‌ರೋಡ್‌_ಹುಡುಗ · ರಾತ್ರಿ 9.11

ಅಣ್ಣ, ಅನಂತನ ಮೇಲೆ ವಿಷ್ಣು ಮಲಗಿಲ್ವಾ?

ಸೋಗೆಮನೆ · ರಾತ್ರಿ 9.14

ನೀನು ಮಲಗು.

ಹಿನ್ನೀರು · ಜುಲೈ 17, ರಾತ್ರಿ 11.30

ತಡವಾಗಿ ಬಂದೆ. ಎಲ್ಲರೂ ಬೆಂಕಿ ಡ್ರ್ಯಾಗನ್ ಬಗ್ಗೆ ಮಾತಾಡಿದ್ರಿ, ನೀರಿನ ಡ್ರ್ಯಾಗನ್ ಬಿಟ್ಟುಬಿಟ್ರಿ. ಚೀನಾ, ಜಪಾನ್ ಕಡೆ ಅದು ಮಳೆ, ಹೊಳೆಗಳ ದೇವರು. ರೆಕ್ಕೆ ಇಲ್ಲದೆ ಹಾವಿನ ಹಾಗೆ ಬಳುಕಿಕೊಂಡು ಆಕಾಶದಲ್ಲಿ ಹೋಗುತ್ತೆ. ಮಿಯಾಝಾಕಿ ಅವರ 2001ರ 'ಸ್ಪಿರಿಟೆಡ್ ಅವೇ' ನೋಡಿ. ಅದರಲ್ಲಿ ಹಾಕು ಅಂತ ಬಿಳಿ ಡ್ರ್ಯಾಗನ್ ಇದ್ದಾನೆ, ಅವನಿಗೆ ತನ್ನ ಹೆಸರೇ ಮರೆತಿರುತ್ತೆ. ಅವನು ಒಂದು ಹೊಳೆ. ಹೊಳೆ ಮುಚ್ಚಿ ಮೇಲೆ ಮನೆ ಕಟ್ಟಿದ್ದಾರೆ. ಚಿಕ್ಕವಳಿದ್ದಾಗ ಆ ಹೊಳೆಗೆ ಬಿದ್ದಿದ್ದ ಹುಡುಗಿಗೆ ಅದರ ಹೆಸರು ನೆನಪಾಗುತ್ತೆ. ಅವಳು ಹೇಳಿದ ಕೂಡಲೇ ಅವನ ಮೈಮೇಲಿನ ಪೊರೆ ಎಲ್ಲ ಗಾಳಿಗೆ ಉದುರಿಹೋಗುತ್ತೆ.

ನಮ್ಮ ಮೂಲ ಊರು ಶರಾವತಿ ದಂಡೆ. 1964ರಲ್ಲಿ ಲಿಂಗನಮಕ್ಕಿ ಆದಾಗ ಮುಳುಗಿತು. ಅಲ್ಲಿ ಹೊಳೆ ಹೋಗಿ ಮನೆ ಬಂತು, ನಮ್ಮಲ್ಲಿ ಮನೆ ಹೋಗಿ ಹೊಳೆ ಬಂತು. ಅಜ್ಜಿ ಬದುಕಿರೋವರೆಗೂ ಸಿಗಂದೂರಿಗೆ ಲಾಂಚ್‌ನಲ್ಲಿ ಹೋಗುವಾಗ ಕಟಾಂಜನ ಹಿಡಿದು ನಿಂತು ನೀರು ತೋರಿಸ್ತಿದ್ದಳು: "ಅಗಾ, ಅಲ್ಲಿ ಕೊಟ್ಟಿಗೆ. ಅದರಾಚೆ ಗದ್ದೆ. ಆ ನಡುಗಡ್ಡೆ ಉಂಟಲ್ಲ, ಅದು ನಮ್ಮ ಗುಡ್ಡದ ನೆತ್ತಿ." ಎಲ್ಲ ಬಿಟ್ಟು ಬರುವಾಗ ಗಾಡಿಯಲ್ಲಿ ಜಾಗ ಇರಲಿಲ್ಲವಂತೆ. ಆದರೂ ಬನದ ನಾಗನ ಕಲ್ಲನ್ನ ಅಡಿಕೆ ಹಾಳೆಯಲ್ಲಿ ಸುತ್ತಿ, ತೊಟ್ಟಿಲು ಇಳಿಸಿ ಅದನ್ನ ಹೇರಿದರಂತೆ. ಈಗಿನ ಮನೆಯ ಹಿಂದೆ ಇದೆ ಅದು. ಪೂಜೆಯಲ್ಲಿ ಇವತ್ತಿಗೂ ಮುಳುಗಿದ ಊರಿನ ಹೆಸರು ಹಿಡಿದೇ ಕರೆಯೋದು.

ಸಿನಿಮಾ ನೋಡಿದ್ದು ಹಾಸ್ಟೆಲ್‌ನಲ್ಲಿ, ಗೆಳತಿಯ ಲ್ಯಾಪ್‌ಟಾಪ್‌ನಲ್ಲಿ. ಹೆಸರು ಹೇಳೋ ಆ ಜಾಗಕ್ಕೆ ಬಂದಾಗ ಎದ್ದು ಆಚೆ ಹೋದೆ. ಮೊನ್ನೆ ಸೇತುವೆ ಉದ್ಘಾಟನೆ ಆಯ್ತಲ್ಲ, ಇನ್ನು ಲಾಂಚ್ ಬೇಕಿಲ್ಲ. ಒಳ್ಳೆಯದೇ ಆಯ್ತು, ರಾತ್ರಿ ಕಾಯಿಲೆಯಾದರೆ ಅಲ್ಲಿಯವರು ಪಡ್ತಿದ್ದ ಪಾಡು ನೋಡಿದವಳು ನಾನು. ಆದರೆ ಸೇತುವೆ ಮೇಲೆ ಬಸ್ಸಲ್ಲಿ ಹೋಗುವಾಗ ಕೊಟ್ಟಿಗೆ ಎಲ್ಲಿ ಅಂತ ತೋರಿಸೋಷ್ಟು ಹೊತ್ತು ಸಿಗಲ್ಲ.

ಓಲೆಗರಿ · ರಾತ್ರಿ 11.52

ತಾಯಿ, ಇದನ್ನ ಓದಿದ ಮೇಲೆ ಪದಾರ್ಥ ಹೇಳೋಕೆ ಮನಸ್ಸಿಲ್ಲ.

ಚಂಡೆಮದ್ದಳೆ · ಜುಲೈ 18, ಬೆಳಿಗ್ಗೆ 6.40

ಬೆಂಕಿ ಉಗುಳೋದಕ್ಕೆ ಗ್ರಾಫಿಕ್ಸ್ ಬೇಡ ಸ್ವಾಮಿ. ಯಕ್ಷಗಾನ ಬಯಲಾಟದಲ್ಲಿ ರಾಕ್ಷಸನ ಬಣ್ಣದ ವೇಷ ದೂರದಿಂದ ಆರ್ಭಟ ಕೊಡ್ತಾ ಬರುವಾಗ ದೀವಟಿಗೆಗೆ ಒಂದು ಮುಷ್ಟಿ ರಾಳದ ಪುಡಿ ಎರಚಿದರೆ ಭಗ್ ಅಂತ ಏಳುತ್ತೆ ನೋಡಿ, ಮುಂದೆ ಚಾಪೆ ಹಾಕಿ ಮಲಗಿದ್ದ ಮಕ್ಕಳೆಲ್ಲ ಅಮ್ಮನ ಸೆರಗಿನೊಳಗೆ. ಹುಬ್ಬು ಸುಟ್ಟುಕೊಂಡವರ ಲೆಕ್ಕ ಕೇಳಬೇಡಿ.

ಸೋಗೆಮನೆ · ಡಿಸೆಂಬರ್ 21, ಮಧ್ಯಾಹ್ನ 3.20

ಹಳೇ ಚರ್ಚೆ ಎಬ್ಬಿಸ್ತಿದ್ದೀನಿ, ಕ್ಷಮಿಸಿ. ಮೇಷ್ಟ್ರು ಹೇಳಿದ್ದು ಮಗಳು ಮರೆತಿರಲಿಲ್ಲ. ಮಳೆಗಾಲ ಇಡೀ ತೋಟಕ್ಕೆ ಹೋದಾಗಲೆಲ್ಲ ಕತ್ತೆತ್ತಿಕೊಂಡೇ ನಡೆದು ಎರಡು ಸಲ ಕಪ್ಪಿಗೆ, ಅಂದರೆ ತೋಟದ ನೀರು ಹೋಗೋ ಕಾಲುವೆಗೆ, ಬಿದ್ದಳು.

ಈಗ ಅಡಿಕೆ ಕೊನೆ ಕೊಯ್ಲು. ಕೊನೆ ಕೊಯ್ಯೋ ನಮ್ಮ ಕೊನೆಗೌಡ ಈ ಸಲ ಮರ ಹತ್ತಲಿಲ್ಲ, ಫೈಬರ್ ದೋಟಿ ತಂದಿದ್ದ, ನೆಲದಿಂದಲೇ ಕೊಯ್ಯೋದು. ಇವಳು ಕೇಳಿದ್ದಕ್ಕೆ, "ಮರ ಹತ್ತೋವಾಗ ದಿನಾ ಮುಖಾಮುಖಿ ಸಿಕ್ತಿತ್ತು ಮಗಾ, ಈಗ ನಾನೂ ಕಾಣದೆ ಎರಡು ವರ್ಷ ಆಯ್ತು" ಅಂದ. ಆದರೂ ಹತ್ತು ಗಂಟೆ ಬಿಸಿಲಿಗೆ ಕೆಳಗಿನ ತೋಟಕ್ಕೆ ಕರ್ಕೊಂಡು ಹೋದ. ಅಪ್ಪಯ್ಯನೂ ದೊಣ್ಣೆ ಊರಿಕೊಂಡು ಬಂದರು.

ಮೊದಲು ಏನೂ ಕಾಣಲಿಲ್ಲ. ಮರದ ಮೇಲಿನ ಬೂದು ಕಲೆಗೂ ಅದಕ್ಕೂ ವ್ಯತ್ಯಾಸವೇ ಇಲ್ಲ. ಇರುವೆ ಸಾಲು ಮೇಲೆ ಹೋಗ್ತಿತ್ತು, ಒಂದು ಜಾಗಕ್ಕೆ ಬಂದ ಇರುವೆ ಮುಂದೆ ಕಾಣ್ತಿರಲಿಲ್ಲ. ಅಲ್ಲೇ ಇತ್ತು ಅದರ ಬಾಯಿ. ಕಾಲು ಅಲುಗಿಸದೆ ಒಂದೊಂದೇ ತಿನ್ನುತ್ತಿತ್ತು. ಆಮೇಲೆ ಗಂಟಲಿಂದ ಹಳದಿ ಚೂರು ಹೊರಗೆ ಬಂತು, ಒಳಗೆ ಹೋಯ್ತು, ಮತ್ತೆ ಬಂತು, ಯಾರೋ ಸಣ್ಣ ಚೀಟಿ ಬೀಸಿದ ಹಾಗೆ. ಪಕ್ಕದ ಮರದಿಂದ ಇನ್ನೊಂದು ಇಣುಕಿರಬೇಕು. ಇದು ತಲೆ ಕೆಳಗೆ ಮಾಡಿ ಜಿಗಿಯಿತು. ಒಣ ಎಲೆ ಉದುರಿತು ಅಂದುಕೊಂಡೆ. ಆದರೆ ಎಲೆ ಕೆಳಗೆ ಬೀಳಲಿಲ್ಲ, ಅಡ್ಡಕ್ಕೆ ಹೋಯ್ತು. ನಾಲ್ಕು ಮರದಾಚೆ ತಲೆ ಮೇಲೆ ಮಾಡಿ ಅಂಟಿಕೊಂಡು ಕೊಡೆ ಮಡಚಿತು.

ಮಗಳು ಪಿಸುಗುಟ್ಟಿದಳು, "ಅಜ್ಜ, ಡ್ರ್ಯಾಗನ್."

ಅಪ್ಪಯ್ಯ ಅಂದರು, "ಇದಾ? ಇದನ್ನ ಹುಟ್ಟಿದಾಗಿಂದ ನೋಡಿದೀನಲ್ಲೇ. ಓತಿ."

"ಕೂತ್ಕೊಳ್ಳೋಕೆ ಆಗಲ್ಲ," ಅಂದಳು ಅವಳೇ.

"ಬಿಡ್ತು ಅನ್ನು."

ಈ ಸಲ ಅಂದಳು. ಫೋಟೋ ಹಾಕಿದ್ದೀನಿ.

ಕಪ್ಪೆಗೂಡು_ಮೇಷ್ಟ್ರು · ಸಂಜೆ 4.05

ಫೋಟೋದಲ್ಲಿ ಮರ ಮಾತ್ರ ಕಾಣ್ತಿದೆ.

ಸೋಗೆಮನೆ · ಸಂಜೆ 4.09

ಅದರಲ್ಲೇ ಇದೆ ಮೇಷ್ಟ್ರೇ, ಎಡಗಡೆ, ಎರಡನೇ ಗಂಟಿನ ಮೇಲೆ.

ಮೆಣಸಿನಬಳ್ಳಿ · ಸಂಜೆ 4.30

ಕಾಣ್ತು ಕಾಣ್ತು. ಅದಿರಲಿ, ಆ ಫೈಬರ್ ದೋಟಿ ಎಷ್ಟಡಿದು? ನಮ್ಮ ಹಳೇ ಮರಗಳಿಗೆ ಮುಟ್ಟುತ್ತಾ?